ದೊಡ್ಡಮನೆ ಹೊಕ್ಕ ದೊರೆಸಾನಿ

ಆ ಊರಿನಲ್ಲಿ ಬಾಗಿಲು ತೆರೆದಾಗ ಕಣ್ಣು ಮುಚ್ಚಬೇಕು.

ಎಲ್ಲ ಬಾಗಿಲಿಗೂ ಅಲ್ಲ. ಅಡುಗೆಮನೆ ಬಾಗಿಲು, ಕೊಟ್ಟಿಗೆ ಬಾಗಿಲು, ಬಚ್ಚಲ ಬಾಗಿಲು ಇವನ್ನೆಲ್ಲ ಯಾರು ಬೇಕಾದರೂ ತೆರೆದು ನೋಡಬಹುದು, ನೋಡಿ ಬೈಸಿಕೊಳ್ಳಲೂಬಹುದು. ಈ ಕಟ್ಟಳೆ ಇದ್ದದ್ದು ದೊಡ್ಡಮನೆಯ ಬಾಗಿಲಿಗೆ ಮಾತ್ರ. ಊರ ನಟ್ಟನಡುವೆ, ಒಂದು ಕಿಟಕಿಯೂ ಇಲ್ಲದ ಆ ಮನೆಯೊಳಗಿನಿಂದ ಊರನ್ನು ಆಳುತ್ತಿದ್ದರು. ಯಾರು ಆಳುತ್ತಿದ್ದರು ಎಂದು ಕೇಳಬೇಡಿ; ಗೊತ್ತಿದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ದಿನಾ ಬೆಳಗ್ಗೆ ಒಳಗೆ ಜಾಗಟೆ ಮೊಳಗುತ್ತಿತ್ತು. ಜಾಗಟೆ ಒಂದು ಸಲ ಮೊಳಗಿದರೆ ಊರೆಲ್ಲ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳಬೇಕು. ಆಗ ಬಾಗಿಲು ಕಿರ್ರೆಂದು ತೆರೆಯುತ್ತಿತ್ತು. ಒಳಗಿನ ತಣ್ಣನೆ ಗಾಳಿ ಬಂದು ಬೆರಳುಗಳನ್ನು ಸವರುತ್ತಿತ್ತು. ಒಂದು ದನಿ ಅವತ್ತಿನ ಅಪ್ಪಣೆಗಳನ್ನು ಹೇಳುತ್ತಿತ್ತು. ಕೆರೆ ಏರಿಯ ಮೇಲೆ ಕೂತು ನಿಟ್ಟುಸಿರು ಬಿಡಬಾರದು. ಹುಣಸೆಮರದಡಿ ನಾಲ್ಕು ಮಂದಿ ಸೇರಿ ಒಂದೇ ಮಾತಿಗೆ ನಗಬಾರದು. ಕೋಳಿ ಕೂಗುವ ಮೊದಲೇ ಎದ್ದವರು ಕೋಳಿ ಕೂಗುವ ತನಕ ಮಲಗಿದಂತೆ ನಟಿಸತಕ್ಕದ್ದು. ಇಷ್ಟಾದ ಮೇಲೆ ಬಾಗಿಲು ಮುಚ್ಚುತ್ತಿತ್ತು. ಜಾಗಟೆ ಎರಡನೇ ಸಲ ಮೊಳಗಿದರೆ ಊರು ಕಣ್ಣು ತೆರೆಯುತ್ತಿತ್ತು. ಎದುರಿಗೆ ನೋಡಿದರೆ ಮುಚ್ಚಿದ ಬಾಗಿಲು.

ಬಾಗಿಲು ತೆರೆದಾಗ ನೋಡಿದವರ ಕಣ್ಣು ಹೋಗುತ್ತದೆ ಎಂದು ಅಜ್ಜಂದಿರು ಹೇಳಿದ್ದರು. ಅಜ್ಜಂದಿರಿಗೆ ಅವರ ಅಜ್ಜಂದಿರು ಹೇಳಿದ್ದರು. ಹಾಗೆ ಕಣ್ಣು ಹೋದವರು ಯಾರಾದರೂ ಇದ್ದಾರೆಯೇ ಎಂದರೆ ಒಬ್ಬರೂ ಇಲ್ಲ, ಯಾಕೆಂದರೆ ಯಾರೂ ನೋಡಿರಲಿಲ್ಲ. ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು? ಯಾವಾಗಲಾದರೊಮ್ಮೆ ಆ ದನಿ ಊರ ಗಂಡಸೊಬ್ಬನ ಹೆಸರು ಹಿಡಿದು ಒಳಗಿನ ಊಳಿಗಕ್ಕೆ ಕರೆಯುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡೇ ತಡವರಿಸುತ್ತ ಒಳಗೆ ಹೋಗುತ್ತಿದ್ದ. ಹೋದವನು ಬರುತ್ತಿರಲಿಲ್ಲ. ಮನೆಯವರು ಸ್ವಲ್ಪ ದಿನ ಕಾದು, ಆಮೇಲೆ ತಿಥಿ ಮಾಡಿ, ವಡೆ ಪಾಯಸ ಉಂಡು, ಮರೆಯುತ್ತಿದ್ದರು.

ಆ ಊರಿನಲ್ಲಿ ಒಬ್ಬ ಮೊಸರಿನವಳಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಎಮ್ಮೆ. ಅದರ ಹೆಸರು ದೊರೆಸಾನಿ. ಹೆಸರಿಗೆ ತಕ್ಕ ನಡಿಗೆ. ಹೊಡೆದರೂ ಅಷ್ಟೇ, ಬೇಡಿಕೊಂಡರೂ ಅಷ್ಟೇ, ತನಗೆ ತೋಚಿದಾಗ ಹೆಜ್ಜೆ ಎತ್ತಿಡುವಳು. ಹಿಂದಿನ ಸಲ ಕರು ಅಡ್ಡ ತಿರುಗಿ, ಮೊಸರಿನವಳು ಮೊಣಕೈವರೆಗೆ ಕೈಹಾಕಿ ಎಳೆದು ತೆಗೆದರೂ ಅದು ಉಳಿದಿರಲಿಲ್ಲ. ದೊರೆಸಾನಿ ಆ ಸತ್ತ ಕರುವನ್ನು ನೆಕ್ಕುತ್ತ ಇಡೀ ದಿನ ನಿಂತಿದ್ದನ್ನು ಮೊಸರಿನವಳು ಮರೆತಿರಲಿಲ್ಲ. ಈಗ ಮತ್ತೆ ತುಂಬಿದ ಗಬ್ಬ. ಈ ಸಲ ಒಂದು ಗಳಿಗೆಯೂ ಬಿಟ್ಟಿರುವುದಿಲ್ಲ ಎಂದು ಅವಳು ಎಮ್ಮೆಯ ಹಣೆ ಮುಟ್ಟಿ ಆಣೆ ಮಾಡಿದ್ದಳು.

ಆಣೆ ಮಾಡಿದಷ್ಟು ಸುಲಭವೇ ನಡೆಸುವುದು? ಒಂದು ಬೆಳಗ್ಗೆ ಕೆರೆಯಲ್ಲಿ ಮೈತೊಳೆದು ಎಮ್ಮೆಯನ್ನು ಹೊಡೆದುಕೊಂಡು ಬರುವಾಗ ದೊಡ್ಡಮನೆಯ ಮುಂದೆಯೇ ಜಾಗಟೆ ಮೊಳಗಿತು. ಕಣ್ಣು ಮುಚ್ಚಲು ಎರಡೂ ಕೈ ಬೇಕು. ಮೊಸರಿನವಳು ಹಗ್ಗ ಬಿಟ್ಟಳು. ಎಮ್ಮೆಗೆ ಕಣ್ಣು ಮುಚ್ಚಿಕೊಳ್ಳಲು ಕೈಯಿಲ್ಲ, ಹೆದರಿಸಲು ಅಜ್ಜಂದಿರಿಲ್ಲ. ಬಾಗಿಲು ತೆರೆಯಿತು, ತಣ್ಣನೆ ಗಾಳಿ ಬಂತು. ಬಿಸಿಲು ಕಂಡರಾಗದ ಎಮ್ಮೆ ತಂಪು ಬಂದತ್ತ ನಡೆಯಿತು. ಜಾಗಟೆ ಎರಡನೇ ಸಲ ಮೊಳಗಿ ಮೊಸರಿನವಳು ಕಣ್ಣು ತೆರೆದಾಗ ಎಮ್ಮೆಯಿಲ್ಲ. ಹೊಸಿಲ ಬಳಿ ಬಿಸಿಬಿಸಿ ಸಗಣಿ ಬಿದ್ದಿತ್ತು. ಅರ್ಧ ಹೊರಗೆ, ಇನ್ನರ್ಧ ಬಾಗಿಲ ಕೆಳಗೆ.

ಅವಳು ಓಡಿ ಹೋಗಿ ಬಾಗಿಲು ಬಡಿದಳು.

ದೊಡ್ಡಮನೆಯ ಪರವಾಗಿ ಹೊರಗಿನ ಜಗಲಿಯ ಮೇಲೆ ಒಬ್ಬ ಪಾರುಪತ್ತೇಗಾರ ಕೂರುತ್ತಿದ್ದ. ತಲೆಯ ಮೇಲೆ ಜರಿ ರುಮಾಲು, ಬಾಯಿ ತುಂಬ ಎಲೆಯಡಿಕೆ. ಅವನೂ ಒಳಗೆ ಕಾಲಿಟ್ಟವನಲ್ಲ. ಆದರೆ ಒಳಗಿನವರಿಗೆ ಏನು ಇಷ್ಟ, ಏನು ಕಷ್ಟ ಎಂದು ಅವನಿಗೆ ಮಾತ್ರ ಗೊತ್ತಿತ್ತು.

"ಏನಮ್ಮಾ ಅದು, ಮಾನ ಮರ್ಯಾದೆ ಇಲ್ಲದೆ?" ಎಂದ.

"ಬುದ್ಧೀ, ನನ್ನ ಎಮ್ಮೆ ಒಳಕ್ಕೆ ಹೋಗಿಬಿಟ್ಟಿದೆ."

"ಒಳಗೆ ಹೋಗಿದ್ದನ್ನ ನೀನು ನೋಡಿದೆಯಾ?"

ನೋಡಿದೆ ಎಂದರೆ ಕಟ್ಟಳೆ ಮುರಿದಂತೆ. ನೋಡಲಿಲ್ಲ ಎಂದರೆ ಸಾಕ್ಷಿಯಿಲ್ಲ. ಮೊಸರಿನವಳು ಬೆರಳು ಮಾಡಿ ಸಗಣಿ ತೋರಿಸಿದಳು.

ಪಾರುಪತ್ತೇಗಾರ ಬಗ್ಗಿ ನೋಡಿದ. "ಇದು ಅರ್ಧ ಸಗಣಿ. ಅರ್ಧ ಸಾಕ್ಷಿಗೆ ನ್ಯಾಯ ಹೇಳೋ ಪದ್ಧತಿ ದೊಡ್ಡಮನೇಲಿ ಇಲ್ಲ" ಎಂದು ಉಗಿದು ಬಂದು ಕೂತ.

ಅವಳು ಅಲ್ಲೇ ಜಗಲಿಯ ಕೆಳಗೆ ಕುಕ್ಕರಿಸಿದಳು. ಬೈದಳು, ಅತ್ತಳು, ಮತ್ತೆ ಬೈದಳು. ಎಮ್ಮೆಯ ಮೇಲೆ ಮಳೆ ಹೊಯ್ದರೆ ಎಮ್ಮೆಯಾದರೂ ಕಿವಿ ಬಡಿಯುತ್ತದೆ. ಪಾರುಪತ್ತೇಗಾರ ಅದನ್ನೂ ಮಾಡಲಿಲ್ಲ.

ಆ ಹೊತ್ತಿಗೇ ಊರಿನಲ್ಲಿ ಡಂಗುರ ಕೇಳಿಸಿತು. ಡಂಗುರದವನಿಗೆ ಯಾವತ್ತೂ ಬಾಯಿಗೆ ಬಾರದ ಒಂದು ಮಾತನ್ನು ಅವತ್ತು ಪಾರುಪತ್ತೇಗಾರ ಕೊಟ್ಟು ಕಳಿಸಿದ್ದ.

"ಕೇಳ್ರಪ್ಪೋ ಕೇಳಿ! ದೊಡ್ಡಮನೆಯೋರು ಇನ್ನು ಮುಂದೆ ಪಾರ... ಪಾರದರುಶನ ಮಾಡಿಸ್ತಾರಂತೆ! ಅದು ಹ್ಯಾಗಿರಬೇಕು ಅಂತ ನಿಮ್ಮ ನಿಮ್ಮ ಅಭಿಪ್ರಾಯ ಹೇಳಬೇಕಂತೆ!"

"ಯಾವ ದೇವರ ದರುಶನವೋ?" ಎಂದು ಹೆಂಗಸರು ಬಾಗಿಲಿಗೆ ಬಂದರು. ಕೆಲವರು ಮಡಿಯುಟ್ಟು ತೆಂಗಿನಕಾಯಿ ಹಿಡಿದೇ ಸಭೆಗೆ ಬಂದರು.

ಸಭೆ ದೊಡ್ಡಮನೆಯ ಮುಂದೆಯೇ ಸೇರಿತು. ಪಾರುಪತ್ತೇಗಾರ ಜಗಲಿಯ ಮೇಲೆ ನಿಂತು ಗಂಟಲು ಸರಿಮಾಡಿಕೊಂಡ. "ಮಹಾಜನರೇ, ದೊಡ್ಡಮನೆ ಮೊದಲಿನಿಂದಲೂ ತೆರೆದ ಮನೆ. ಇನ್ನೂ ಹೆಚ್ಚು ತೆರೆಯಬೇಕು ಅಂತ ಒಳಗಿನವರ ಮನಸ್ಸಿಗೆ ಬಂದಿದೆ. ತೆರೆದ ಬಾಗಿಲ ಯೋಜನೆ ಅಂತ ಹೆಸರು. ಯೋಜನೆಯ ಕರಡನ್ನ ಒಳಗಿನ ಪಡಸಾಲೆ ಗೋಡೆಗೆ ತೂಗುಹಾಕಿದೆ. ಮುಚ್ಚುಮರೆ ಏನೂ ಇಲ್ಲ. ಬಾಗಿಲು ತೆರೆದಿರೋ ಅಷ್ಟು ಹೊತ್ತೂ ಯಾರು ಬೇಕಾದರೂ ನೋಡಿಕೊಳ್ಳಬಹುದು."

ಹಿಂದಿನ ಸಾಲಿನಿಂದ ಒಬ್ಬ ಮುದುಕ ಕೇಳಿದ, "ಬುದ್ಧೀ, ಬಾಗಿಲು ತೆರೆದಾಗ ನಾವು ಕಣ್ಣು ಮುಚ್ಕೊಂಡಿರ್ತೀವಲ್ಲ?"

"ಅದು ನಿಮ್ಮ ಕಡೆಯ ತೊಂದರೆ. ದೊಡ್ಡಮನೆ ತನ್ನ ಕಡೆಯಿಂದ ಏನನ್ನೂ ಮುಚ್ಚಿಟ್ಟಿಲ್ಲ."

ಮುದುಕನಿಗೆ ಈ ಉತ್ತರ ಬಹಳ ಸರಿಯೆನಿಸಿತು. ತಲೆಯಾಡಿಸಿ ಕೂತ.

ಜಾಗಟೆ ಮೊಳಗಿತು. ಎಲ್ಲರೂ ಕಣ್ಣು ಮುಚ್ಚಿಕೊಂಡರು. ಬಾಗಿಲು ತೆರೆಯಿತು. ತಾನೂ ಕಣ್ಣು ಮುಚ್ಚಿಕೊಂಡು ಪಾರುಪತ್ತೇಗಾರ ಕೂಗಿದ, "ಬಾಗಿಲು ಇನ್ನಷ್ಟು ಅಗಲ ಆಗಲಿ ಅನ್ನೋರು ಕೈ ಎತ್ತಿ!"

ಎಲ್ಲರ ಕೈಯೂ ಕಣ್ಣಿನ ಮೇಲಿತ್ತು.

"ಬೇಡ ಅನ್ನೋರು?"

ಎಲ್ಲರ ಕೈಯೂ ಕಣ್ಣಿನ ಮೇಲೇ ಇತ್ತು.

"ಸಂತೋಷ. ಒಬ್ಬರದೂ ವಿರೋಧವಿಲ್ಲ. ಈಗ ಬಿಡಿ ಅಭಿಪ್ರಾಯಗಳು!"

ಆ ಊರಿನಲ್ಲಿ ಅಭಿಪ್ರಾಯವನ್ನು ಬಾಳೆಎಲೆಯ ಮೇಲೆ ಮುಳ್ಳಿನಿಂದ ಗೀರಿ ಕೊಡುವುದು ಪದ್ಧತಿ. ಗೀರಿ ತಂದಿದ್ದ ಎಲೆಗಳನ್ನು ಜನ ಕಣ್ಣು ಮುಚ್ಚಿಕೊಂಡೇ ಕಾಲಲ್ಲಿ ತಳ್ಳುತ್ತ ಒಳಗೆ ಸಾಗಿಸಿದರು. ಬಾಗಿಲ ಕೀಲಿಗೆ ಎಣ್ಣೆ ಬಿಡಬೇಕೆಂದು ಒಬ್ಬನ ಅಭಿಪ್ರಾಯ. ಒಳಗಿನ ಗಾಳಿ ಚಳಿಗಾಲದಲ್ಲಿ ಸ್ವಲ್ಪ ಬೆಚ್ಚಗಿರಲಿ ಎಂದು ಇನ್ನೊಬ್ಬಳದು. ಪಕ್ಕದ ಮನೆಯ ಹುಂಜ ತನ್ನ ಹಿತ್ತಿಲಿಗೆ ಬರುತ್ತದೆ, ಇದಕ್ಕೂ ಪಾರದರ್ಶನಕ್ಕೂ ಏನಾದರೂ ಸಂಬಂಧವಿದ್ದರೆ ನೋಡಬೇಕು ಎಂದು ಮತ್ತೊಬ್ಬನದು.

ಮೊಸರಿನವಳಿಗೆ ಗೀರಲು ಬರುತ್ತಿರಲಿಲ್ಲ. ಬೀದಿಬೀದಿಯಲ್ಲಿ ಮೊಸರು ಮಾರಿದ ಗಂಟಲು ಅವಳದು. ಆ ಗಂಟಲನ್ನೇ ಎತ್ತಿದಳು.

"ನಂದು ಒಂದೇ ಮಾತು! ನಮ್ಮ ದೊರೆಸಾನಿ ಒಳಗಿದ್ದಾಳೆ. ತುಂಬು ಬಸುರಿ. ದಿನ ತುಂಬ್ತಾ ಇದೆ. ಅವಳನ್ನ ಆಚೆ ಬಿಡಿ!"

ಪಾರುಪತ್ತೇಗಾರನ ಬಾಯಿಯ ಎಲೆಯಡಿಕೆ ಗಂಟಲಿಗಿಳಿದು ಅವನು ಕೆಮ್ಮತೊಡಗಿದ. ಬಾಗಿಲು ಧಡ್ ಎಂದು ಮುಚ್ಚಿ, ಒಳಗಿನಿಂದ ಜಾಗಟೆ ಅವಸರವಸರವಾಗಿ ಮೊಳಗಿತು.

ಮೊಸರಿನವಳ ಪಕ್ಕದ ಮನೆಯಲ್ಲಿ ಒಬ್ಬ ಬಳೆಗಾರನಿದ್ದ. ಅವನ ಮಲಾರದಲ್ಲಿ ಬಳೆಗಿಂತ ಸುದ್ದಿಯೇ ಹೆಚ್ಚು. ಎಮ್ಮೆಯ ಹೆಸರು ಅವನಿಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಆದರೆ ಒಳ್ಳೆಯ ಸುದ್ದಿಯ ಮುಂದೆ ಗೊತ್ತಿದ್ದದ್ದು ಯಾರಿಗೆ ನೆನಪಿರುತ್ತದೆ? ಅವನು ಮನೆಮನೆಗೆ ಹೋಗಿ, ಹೆಂಗಸರ ಕೈ ಅದುಮುತ್ತ, ತಗ್ಗಿದ ದನಿಯಲ್ಲಿ ಹೇಳಿದ, "ಕೇಳಿದ್ರಾ ತಾಯಿ? ನಮ್ಮನ್ನ ಆಳೋಳು ಒಬ್ಬ ಹೆಣ್ಣುಮಗಳಂತೆ. ದೊರೆಸಾನಿಯಂತೆ. ಬಸುರಿ ಹೆಂಗಸನ್ನ ಒಳಗೆ ಕೂಡಿಹಾಕಿದ್ದಾರಂತೆ."

ಸಂಜೆಯೊಳಗೆ ಊರಿಗೆ ಊರೇ ಕುದಿಯಿತು. ಹೆಂಗಸರು ಒರಳಲ್ಲಿ ಕುಟ್ಟುವುದನ್ನು ನಿಲ್ಲಿಸಿ, "ಏಳನೇ ತಿಂಗಳಲ್ಲಿ ಯಾರಾದರೂ ಅವಳಿಗೆ ಮಡಿಲು ತುಂಬಿದರೋ ಇಲ್ಲವೋ" ಎಂದು ಕಣ್ಣೊರೆಸಿಕೊಂಡರು. ಬಳೆಗಾರ ಹಸಿರು ಬಳೆಯ ಒಂದು ಗೊಂಚಲನ್ನು ದೊರೆಸಾನಿಗೆಂದು ಬೇರೆಯಾಗಿ ತೆಗೆದಿಟ್ಟ. ಯಾವತ್ತೂ ಏನನ್ನೂ ಕೇಳದಿದ್ದ ಜನ ಜಗಲಿಯ ಮುಂದೆ ನಿಂತು ಕೇಳಿದರು: ದೊರೆಸಾನಿ ಎಲ್ಲಿ? ದೊರೆಸಾನಿಯನ್ನು ಬಿಡಿ!

ಮೊಸರಿನವಳಿಗೆ ಇದು ಕಿವಿಗೆ ಬಿದ್ದಾಗ ಮೊದಲು ನಗು ಬಂತು, ಆಮೇಲೆ ಹೆದರಿಕೆ. ಸುಮ್ಮನಿದ್ದರೆ ಎಮ್ಮೆ ಸಿಕ್ಕಬಹುದು. ಆದರೆ ಸುಳ್ಳಿನ ಹಗ್ಗ ಹಿಡಿದು ಎಳೆದರೆ ತುದಿಯಲ್ಲಿ ಏನು ಬರುತ್ತದೋ ಯಾರು ಬಲ್ಲರು? ಅವಳ ಮೊಸರಿಗೆ ನೀರು ಬೆರೆಸಿದ ಕೆಟ್ಟ ಹೆಸರು ಇರಲಿಲ್ಲ; ಮಾತಿಗೂ ಬೆರೆಸಬಾರದೆಂದು ಹುಣಸೆಮರದಡಿ ಸೇರಿದ್ದವರ ಮುಂದೆ ಹೋಗಿ ನಿಂತಳು.

"ದೊರೆಸಾನಿ ಅಂದ್ರೆ ನನ್ನ ಎಮ್ಮೆ ಕಣ್ರಪ್ಪಾ! ಎಮ್ಮೆ! ನಾಲ್ಕು ಕಾಲು, ಎರಡು ಕೊಂಬು!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಳೆಗಾರ ಎದ್ದು ಬಂದು ಅವಳ ಭುಜ ತಟ್ಟಿದ. "ಗೊತ್ತಾಯಿತು ಕಣಕ್ಕ. ಯಾರೋ ಹೆದರಿಸಿದ್ದಾರೆ. ಏನೂ ಹೇಳಬೇಡ. ಹೂಂ, ಎಮ್ಮೆ." ಎಂದು ಕಣ್ಣು ಮಿಟುಕಿಸಿದ.

"ಹೂಂ ಹೂಂ, ಎಮ್ಮೆ" ಎಂದು ಮಿಕ್ಕವರೂ ಕಣ್ಣು ಮಿಟುಕಿಸಿದರು.

ಅಂದಿನಿಂದ ಊರಿನಲ್ಲಿ ಯಾರು ಯಾರಿಗೆ ಎದುರಾದರೂ "ಎಮ್ಮೆ ಹೇಗಿದೆಯಂತೆ?" ಎಂದು ಗುಟ್ಟಾಗಿ ಕೇಳತೊಡಗಿದರು. ನಿಜವನ್ನು ಹೇಳಿಬಿಟ್ಟರೂ ನಂಬದ ಊರಿನಲ್ಲಿ ಮುಚ್ಚಿಡುವ ಕಷ್ಟ ಯಾಕೆ ಬೇಕು ಎಂದು ಮೊಸರಿನವಳು ತಲೆ ಚಚ್ಚಿಕೊಂಡಳು.

ಪಾರುಪತ್ತೇಗಾರನಿಗೂ ನಿದ್ದೆಯಿಲ್ಲದಾಯಿತು. ಅವನೇ ಅವಳ ಮನೆ ಬಾಗಿಲಿಗೆ ಬಂದ. ಬಂದವನು ಮೊಸರು ಬೇಕೆಂದ, ಮೊಸರಿಲ್ಲ ಎಂದಳು. ಮಜ್ಜಿಗೆಯಾದರೂ ಎಂದ.

"ಎಮ್ಮೇನ ಒಳಗಿಟ್ಕೊಂಡು ಮಜ್ಜಿಗೆ ಕೇಳೋಕೆ ಬಂದ್ರಾ?"

ಅವನು ಜಗಲಿಯ ತುದಿಗೆ ಕೂತು ರುಮಾಲು ತೆಗೆದ. ರುಮಾಲಿಲ್ಲದ ತಲೆ ತೀರ ಚಿಕ್ಕದಾಗಿತ್ತು. "ನಿಜ ಹೇಳಮ್ಮಾ. ಅದು ಎಮ್ಮೆಯೇ ತಾನೆ?"

"ಎಮ್ಮೆಯೇ."

"ನನ್ನಾಣೆಗೂ?"

"ನಿಮ್ಮಾಣೆ ತಗೊಂಡು ನಾನೇನು ಮಾಡಲಿ? ನನ್ನ ಎಮ್ಮೆಯಾಣೆಗೂ ಎಮ್ಮೆಯೇ. ಒಳಗೆ ಹೋಗಿ ನೋಡಿಕೊಂಡು ಬನ್ನಿ."

ಪಾರುಪತ್ತೇಗಾರನ ಮುಖ ಬಿಳಿಚಿಕೊಂಡಿತು. ಒಳಗೆ ಯಾರಿದ್ದಾರೆ ಎಂಬುದು ಅವನಿಗೂ ಗೊತ್ತಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ದೊರೆಸಾನಿ ಇದ್ದರೂ ಇರಬಹುದು ಎಂದು ಅವನೇ ಅರ್ಧ ನಂಬಿದ್ದ. "ಇನ್ನೊಂದು ಸಭೆ ಕರೆಯೋಣ" ಎಂದು ರುಮಾಲು ಸುತ್ತಿಕೊಂಡು ಎದ್ದ. "ಸಭೆ ಕರೆದರೆ ಜನಕ್ಕೆ ಸಮಾಧಾನವಾಗುತ್ತೆ. ಮತ್ತೆ ಎಲೆ ತಗೊಳ್ಳೋಣ."

ಆ ಸಭೆಗೆ ಮುಂಚಿನ ದಿನ ಬೆಳಗಿನ ಜಾಗಟೆ ಮೊಳಗಿತು, ಬಾಗಿಲು ತೆರೆಯಿತು, ದನಿ ಅಪ್ಪಣೆ ಶುರುಮಾಡಿತು. "ಕೆರೆ ಏರಿಯ ಮೇಲೆ ಕುಳಿತು ನಿಟ್ಟು..." ಎಂಬಲ್ಲಿಗೆ ನಿಂತಿತು. ಒಳಗಿನಿಂದ ನೋವಿನ ಒಂದು ಉದ್ದನೆಯ ನರಳು ಬಂತು.

"ದೊರೆಸಾನಿ ಅಳುತ್ತಿದ್ದಾಳೆ!" ಎಂದು ಜನ ಕಣ್ಣು ಮುಚ್ಚಿಕೊಂಡೇ ಗೋಳಾಡಿದರು.

ಆ ನರಳು ಮೊಸರಿನವಳಿಗೆ ಚೆನ್ನಾಗಿ ಗೊತ್ತು. ಕರು ಅಡ್ಡ ಬಂದಾಗ ಅವಳ ಎಮ್ಮೆ ಕೂಗುವುದು ಹೀಗೆಯೇ. ಕೈಹಾಕಿ ತಿರುಗಿಸುವವರು ಬೇಕು, ಈಗಲೇ ಬೇಕು. ಅವಳು ಎರಡು ಹೆಜ್ಜೆ ಇಟ್ಟಳು. ಕಣ್ಣು ತೆರೆಯಲು ಹೋದಳು. ರೆಪ್ಪೆಯ ಮೇಲಿನ ಕೈ ಅಂಟಿದಂತೆ ನಿಂತಿತು. ಅಜ್ಜಿ ಹೇಳಿದ್ದು, ಅಜ್ಜಿಯ ಅಜ್ಜಿ ಹೇಳಿದ್ದು ಎಲ್ಲ ಬಂದು ಆ ಕೈಯನ್ನು ಒತ್ತಿ ಹಿಡಿದವು. ಅಷ್ಟರಲ್ಲಿ ಬಾಗಿಲು ಮುಚ್ಚಿತು. ಜಾಗಟೆ ಬಹಳ ತಡವಾಗಿ ಮೊಳಗಿತು.

ಅಂದು ಅವಳು ಒಲೆ ಹಚ್ಚಲಿಲ್ಲ. ಬರಿದಾದ ಕೊಟ್ಟಿಗೆಯಲ್ಲಿ ಗೂಟಕ್ಕೆ ಒರಗಿ ಕೂತಳು. ತನ್ನನ್ನು ತಾನೇ ಬೈದುಕೊಂಡಳು. ಬೈದು ಬೈದು ಸಾಕಾದ ಮೇಲೆ ಯೋಚಿಸಿದಳು. ಯೋಚನೆ ಅವಳಿಗೆ ಬಂದದ್ದು ಮೊಸರಿನ ವ್ಯಾಪಾರದಂತೆಯೇ: ಎಲ್ಲವನ್ನೂ ಒಂದೇ ಗಡಿಗೆಯಲ್ಲಿ ಹೆಪ್ಪುಹಾಕಬಾರದು. ಕಣ್ಣು ಹೋಗುವುದಾದರೆ ಹೋಗಲಿ. ಆದರೆ ಎರಡೂ ಯಾಕೆ ಹೋಗಬೇಕು? ಒಂದನ್ನು ಮುಚ್ಚಿ ಒಂದನ್ನು ತೆರೆದರೆ ಒಂದಾದರೂ ಉಳಿಯುತ್ತದೆ. ಮೊಸರು ಅಳೆಯಲು ಒಂದು ಕಣ್ಣು ಸಾಲದೇ?

ಮರುದಿನ ಸಭೆಗೆ ಊರಿನ ಹಸುಗೂಸೂ ತಪ್ಪಿಸಿಕೊಳ್ಳಲಿಲ್ಲ. ಇವತ್ತು ಏನಾದರಾಗಲಿ ಯಾರೂ ಕಣ್ಣು ಮುಚ್ಚಬಾರದು ಎಂದು ಬಳೆಗಾರ ಎಲ್ಲರಿಂದಲೂ ಭಾಷೆ ತೆಗೆದುಕೊಂಡಿದ್ದ. "ಪ್ರಾಣ ಹೋದರೂ ಮುಚ್ಚೋದಿಲ್ಲ!" ಎಂದು ಎಲ್ಲರೂ ಕೂಗಿದ್ದರು.

ಜಾಗಟೆ ಮೊಳಗಿತು. ಎಲ್ಲರೂ ಕಣ್ಣು ಮುಚ್ಚಿಕೊಂಡರು. ಬಳೆಗಾರ ಎಲ್ಲರಿಗಿಂತ ಮೊದಲು ಮುಚ್ಚಿಕೊಂಡ.

ಬಾಗಿಲು ತೆರೆಯಿತು. ಮೊಸರಿನವಳು ಬಲಗಣ್ಣನ್ನು ಅಂಗೈಯಿಂದ ಬಿಗಿಯಾಗಿ ಒತ್ತಿಹಿಡಿದು, ಎಡಗಣ್ಣಿಗೆ ಮನಸ್ಸಿನಲ್ಲೇ ಕೈಮುಗಿದು, ತೆರೆದಳು.

ಕಣ್ಣು ಹೋಗಲಿಲ್ಲ. ಸ್ವಲ್ಪ ನೀರಾಡಿತು, ಅಷ್ಟೇ.

ಅವಳು ಹೊಸಿಲು ದಾಟಿದಳು. ಒಳಗೆ ಒಂದು ದೊಡ್ಡ ಅಂಗಳ. ಮೇಲೆ ಸೂರಿಲ್ಲ, ಆಕಾಶ. ಇಷ್ಟು ಕಾಲ ಊರಿಗೆ ಬೀಸುತ್ತಿದ್ದ ತಣ್ಣನೆ ಗಾಳಿ ಅಲ್ಲೊಂದು ಹಳೆಯ ಬೇವಿನ ಮರದ್ದು. ಗೋಡೆಯುದ್ದಕ್ಕೂ ಗಂಡಸರು ಸಾಲಾಗಿ ನಿಂತಿದ್ದರು. ಅವರೆಲ್ಲರೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಿದ್ದರು. ನಡುವೆ ಒಂದು ಎತ್ತರದ ಪೀಠ. ಪೀಠದ ಮೇಲೆ ಹುಲ್ಲು ಬೆಳೆದಿತ್ತು. ಊರು ಕಳಿಸಿದ ಅಭಿಪ್ರಾಯಗಳು ಒಂದೂ ಕಾಣಲಿಲ್ಲ. ಬಾಳೆಎಲೆಯ ದಂಟುಗಳು ಮಾತ್ರ ಅಗಿದು ಬಿದ್ದಿದ್ದವು. ಊರಿನ ಅಭಿಪ್ರಾಯವನ್ನೆಲ್ಲ ಅರಗಿಸಿಕೊಂಡವಳು ಬೇವಿನ ಮರದ ಕೆಳಗೆ ಮೆಲುಕು ಹಾಕುತ್ತ ನಿಂತಿದ್ದಳು. ಅವಳ ಕೆಚ್ಚಲ ಬಳಿ, ಕಾಲಿನ್ನೂ ನೆಟ್ಟಗಾಗದ ಒಂದು ಕರು ತೂರಾಡುತ್ತಿತ್ತು.

ಮೊಸರಿನವಳಿಗೆ ಬಲಗಣ್ಣು ಮುಚ್ಚಿಕೊಂಡಿರುವುದು ಮರೆತುಹೋಯಿತು. ಕೈ ತೆಗೆದಳು. ಎರಡು ಕಣ್ಣಲ್ಲಿ ನೋಡಿದರೂ ಕರು ಬದುಕೇ ಇತ್ತು.

"ಇದು... ನಿಮ್ಮದಾ?" ಎಂದು ಯಾರೋ ಕೇಳಿದರು. ದಿನಾ ಬೆಳಗ್ಗೆ ಊರನ್ನು ನಡುಗಿಸುತ್ತಿದ್ದ ದನಿ ಅದು. ದನಿಯ ಹಿಂದೆ ಒಬ್ಬ ಕುಳ್ಳ ಮನುಷ್ಯನಿದ್ದ. ಪಂಚೆ ಮೊಣಕಾಲವರೆಗೆ ಎತ್ತಿಕಟ್ಟಿತ್ತು, ಮೈಯೆಲ್ಲ ಒಣಗಿದ ನೆತ್ತರ ಕಲೆ. ಅವನೊಬ್ಬನ ಕಣ್ಣು ಮಾತ್ರ ತೆರೆದಿತ್ತು.

"ನೀವಾ ತೆಗೆದದ್ದು?" ಎಂದಳು ಅವಳು.

"ಹೌದು ತಾಯಿ, ತೆಗೆಯೋಕೆ ಗೊತ್ತಿರಲಿಲ್ಲ. ಒಂದು ಕಾಲು ಆಚೆ ಬಂದಿತ್ತು, ಅದು ಕೂಗ್ತಾ ಇತ್ತು. ಬಾಗಿಲು ಬೇರೆ ತೆರೆದಿತ್ತು. ಬಾಗಿಲು ತೆರೆದಾಗ ಹೊರಗಿನೋರನ್ನ ನೋಡಿದರೆ ನಮ್ಮ ಕಣ್ಣು ಹೋಗ್ತದಂತೆ. ಆದರೆ ಎರಡೂ ಕೈ ಎಮ್ಮೆಯೊಳಗಿತ್ತು. ಕಣ್ಣು ಮುಚ್ಚೋಕೆ ಕೈ ಎಲ್ಲಿಂದ ತರಲಿ?" ಅವನು ಅಳುವವನಂತೆ ನಕ್ಕ. "ನೋಡಿಬಿಟ್ಟೆ. ಹೊರಗೆ ನೀವೆಲ್ಲ ಕಣ್ಣು ಮುಚ್ಕೊಂಡು ನಿಂತಿದ್ರಿ."

"ನೀವೇನಾ ಇಲ್ಲಿ ಆಳೋರು?"

"ಅಯ್ಯೋ, ನಾನೆಲ್ಲಿ? ನನಗೆ ಮುಂಚೆ ಇದ್ದೋನು ಈ ಅಪ್ಪಣೆಗಳನ್ನ ಬಾಯಿಪಾಠ ಮಾಡಿಸಿ ಸತ್ತ. ದಿನಾ ಅದನ್ನೇ ಹೇಳ್ತೀನಿ. ಯಾರಾದರೂ ಒಬ್ಬರು ಸತ್ತರೆ ನೆನಪಿದ್ದ ಒಂದು ಹೆಸರು ಕೂಗಿ ಕರೀತೀನಿ."

"ಮತ್ತೆ ಆಳೋರು ಯಾರು?"

ಅವನು ತೆರೆದ ಬಾಗಿಲಿನತ್ತ ನೋಡಿದ. "ಹೊರಗಿನೋರು ಯಾರೋ ಅಂದ್ಕೊಂಡಿದ್ವಿ" ಎಂದ.

ಮೊಸರಿನವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಳಿಯುವಷ್ಟು ಪುರಸತ್ತೂ ಇರಲಿಲ್ಲ. ಎಮ್ಮೆಗೆ ಬಿಸಿನೀರು, ಬೆಲ್ಲ, ಮೆಂತ್ಯ ಬೇಕು. ಅವಳು ಕರುವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಕರುವಿನ ಹಿಂದೆ ಎಮ್ಮೆ ಹೊರಟಿತು. ಸರಿಯಾಗಿ ಹೊಸಿಲಿನ ಮೇಲೆ ಬಂದು, ತಲೆ ಹೊರಗೆ ಬಾಲ ಒಳಗೆ ಇಟ್ಟುಕೊಂಡು, ನಿಂತುಬಿಟ್ಟಿತು.

"ನಡಿಯೇ ತಾಯಿ" ಎಂದಳು. ನಡೆಯಲಿಲ್ಲ. ಕರುವನ್ನು ಇಳಿಸಿದಳು. ಕರು ಹೊಸಿಲಿನ ಮೇಲೇ ಕೆಚ್ಚಲಿಗೆ ಬಾಯಿ ಹಾಕಿತು.

"ಸಭೆ ಮುಗಿಯಿತು! ಬಾಗಿಲು ಮುಚ್ಚಿ! ಜಾಗಟೆ ಹೊಡೆಯಿರಿ!" ಎಂದು ಪಾರುಪತ್ತೇಗಾರ ಕಣ್ಣು ಮುಚ್ಚಿಕೊಂಡೇ ಕೂಗಿದ.

"ಮುಚ್ಚೋಕಾಗಲ್ಲ. ಎಮ್ಮೆ ಅಡ್ಡ ನಿಂತಿದೆ" ಎಂದಿತು ದನಿ.

ಬಾಗಿಲು ಮುಚ್ಚದೆ ಎರಡನೇ ಜಾಗಟೆಯಿಲ್ಲ. ಎರಡನೇ ಜಾಗಟೆಯಿಲ್ಲದೆ ಕಣ್ಣು ತೆರೆಯುವಂತಿಲ್ಲ. ಜನ ನಿಂತರು, ನಿಂತೇ ನಿಂತರು. ಬಿಸಿಲೇರಿತು. ಬೆವರು ಇಳಿದು ಮೂಗು ತುರಿಸಿತು. ಕರು ನಿಧಾನವಾಗಿ ಚಪ್ಪರಿಸಿತು. ಯಾರ ಎದೆಯಲ್ಲೂ ಕೆಚ್ಚು ಹುಟ್ಟಲಿಲ್ಲ. ತೋಳು ಮಾತ್ರ ಎಲ್ಲರದೂ ನೋಯತೊಡಗಿತು. ಮೊದಲು ಒಬ್ಬ ಮುದುಕಿ, "ಸಾಯಲಿ ಇದು, ರಟ್ಟೆ ಬಿದ್ದುಹೋಗ್ತಿದೆ" ಎಂದು ಕೈ ಇಳಿಸಿದಳು. ಆಮೇಲೆ ಒಬ್ಬೊಬ್ಬರದೇ ಇಳಿಯಿತು. ಬಳೆಗಾರ ಬೆರಳ ಸಂದಿಯಿಂದ ಇಣುಕಿದ, ಎಮ್ಮೆಯನ್ನು ನೋಡಿದ, ಕೈಯಲ್ಲಿದ್ದ ಹಸಿರು ಬಳೆಗಳನ್ನು ನೋಡಿದ.

"ಅಕ್ಕಾ, ಇದು ಎಮ್ಮೆ!" ಎಂದ.

"ಹೂಂ ಹೂಂ, ಎಮ್ಮೆ" ಎಂದಳು ಮೊಸರಿನವಳು.

ಎಮ್ಮೆಯ ಬೆನ್ನಿನ ಮೇಲಿಂದ ಜನ ಒಳಗೆ ನೋಡಿದರು. ಖಾಲಿ ಪೀಠ ನೋಡಿದರು, ಸೂರಿಲ್ಲದ ಆಕಾಶ ನೋಡಿದರು. ಒಳಗಿನವರ ತೋಳೂ ಸೋತು ಕೈಗಳು ಇಳಿದಿದ್ದವು. "ಎಲಾ ಮರಿಜೋಗಿ!" ಎಂದು ಬಳೆಗಾರ ಆ ಕುಳ್ಳನನ್ನು ನೋಡಿ ಕಿರುಚಿದ. "ನಿನ್ನ ತಿಥಿ ವಡೆ ತಿಂದಿದ್ದೀನಲ್ಲೋ!" ಕುಳ್ಳ, "ನನಗೊಂದು ವಡೆ ತಂದ್ಯಾ?" ಎಂದ. ಹುಣಸೆಮರದಡಿ ನಗಬಾರದೆಂದು ಅಪ್ಪಣೆಯಿತ್ತೇ ಹೊರತು ದೊಡ್ಡಮನೆಯ ಮುಂದೆ ನಗಬಾರದೆಂದು ಇರಲಿಲ್ಲ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೆಲವರು ನಗುನಗುತ್ತಲೇ ತಮ್ಮವರನ್ನು ಗುರುತಿಸಿ ಅತ್ತರು. ಪಾರುಪತ್ತೇಗಾರನೊಬ್ಬ ಜಗಲಿಯ ಮೇಲೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, "ಇನ್ನೂ ಏನಾದರೂ ಅಭಿಪ್ರಾಯ ಇದ್ದರೆ ಹೇಳಬಹುದು" ಎನ್ನುತ್ತಿದ್ದ.

ಕರುವಿನ ಹೊಟ್ಟೆ ತುಂಬಿತು. ಮೊಸರಿನವಳು ಮತ್ತೆ ಹೆಗಲಿಗೆ ಹಾಕಿಕೊಂಡಳು. ಆಗ ಬಳೆಗಾರ ಓಡಿಬಂದು ಅಡ್ಡ ನಿಂತ.

"ಅಕ್ಕಾ, ಎಮ್ಮೇನ ಹೊಡ್ಕೊಂಡು ಹೋಗಬೇಡ. ಅದು ಹೋದರೆ ಬಾಗಿಲು ಮುಚ್ಚಿಬಿಡ್ತಾರೆ. ನಾಳೆ ಮತ್ತೆ ಜಾಗಟೆ, ಮತ್ತೆ ಕೈ. ಇಲ್ಲೇ ಇರಲಿ ಬಿಡು, ಊರೆಲ್ಲ ಸೇರಿ ಹುಲ್ಲು ಹಾಕ್ತೀವಿ."

ಜನ ಹೌದು ಹೌದೆಂದರು. ಮೊಸರಿನವಳು ಅವರನ್ನೆಲ್ಲ ನೋಡಿದಳು. ಇಷ್ಟು ಜನ ಕಣ್ಣು ತೆರೆದು ತನ್ನನ್ನೇ ನೋಡುತ್ತಿರುವುದು ಅವಳಿಗೆ ಹೊಸದು. ಒಂದು ಗಳಿಗೆ ಮನಸ್ಸು ಕರಗಿತು. ಹೆಗಲ ಮೇಲಿನ ಕರು ನಡುಗುತ್ತಿತ್ತು.

"ಇದು ಈಗ ತಾನೇ ಈದಿರೋ ಎಮ್ಮೆ" ಎಂದಳು. "ಬಾಣಂತಿ. ಇದನ್ನ ಹೊಸಿಲಲ್ಲಿ ನಿಲ್ಲಿಸಿ ನೀವು ಮನೇಗೆ ಹೋಗಿ ಮಲಗ್ತೀರಾ? ಬಾಗಿಲು ತೆರೆದಿರಬೇಕಾದರೆ ನೀವು ನಿಂತ್ಕೊಳ್ಳಿ. ನಿಮಗೇನು, ಕರು ಹಾಕಿದ್ದೀರಾ?"

ಅವಳು ಎಮ್ಮೆಯ ಕಿವಿಯಲ್ಲಿ ಏನೋ ಹೇಳಿದಳು. ದೊರೆಸಾನಿಗೆ ಆಗ ತೋಚಿತು; ಹೆಜ್ಜೆ ಎತ್ತಿಟ್ಟಿತು. ಜನ ಸರಿದು ದಾರಿ ಬಿಟ್ಟರು.

ಅವಳು ಬೀದಿಯ ತಿರುವಿಗೆ ಬಂದಿದ್ದಳು. ಹಿಂದಿನಿಂದ ಬಾಗಿಲು ಕಿರ್ರೆಂದಿತು. ಅವಳು ನಿಂತಳು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಕಿರ್ರೆನ್ನುವುದು ಉದ್ದವಾಯಿತು, ಇನ್ನೂ ಉದ್ದವಾಯಿತು, ಇನ್ನೇನು ಧಡ್ ಎನ್ನಬೇಕು, ಅಷ್ಟರಲ್ಲಿ ಬಳೆಗಾರನ ದನಿ ಊರು ಕಿತ್ತುಹೋಗುವಂತೆ ಅರಚಿತು:

"ಅಯ್ಯಯ್ಯಪ್ಪೋ! ನನ್ನ ಕಾಲೂ!"

ಧಡ್ ಎನ್ನುವ ಸದ್ದು ಬರಲೇ ಇಲ್ಲ. ಮೊಸರಿನವಳು ಕರುವನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಎಮ್ಮೆಯ ಮುಂದೆ ಮುಂದೆ, ಬಿಸಿನೀರು ಕಾಯಿಸಲು ಮನೆಯ ಕಡೆ ನಡೆದಳು.